ಮೂವತ್ತು ಮಕ್ಕಳಿಗೊಬ್ಬರು, ಐದು ತರಗತಿಗೊಬ್ಬರು

ಕೇಂದ್ರ ಶಿಕ್ಷಣ ಸಚಿವಾಲಯವು ದೇಶದ ಶಾಲೆಗಳಿಂದ ಪ್ರತಿವರ್ಷ ಸಂಗ್ರಹಿಸುವ ಯುಡೈಸ್ ಮಾಹಿತಿಯ 2024-25ನೇ ಸಾಲಿನ ವರದಿಯನ್ನು ಮೇಲುಮೇಲಕ್ಕೆ ಓದಿದವರಿಗೆ ಪ್ರಾಥಮಿಕ ಶಾಲೆಗಳ ಬಗ್ಗೆ ಚಿಂತಿಸುವ ಕಾರಣವೇ ಉಳಿದಿಲ್ಲ ಎನಿಸಬಹುದು. ಶಿಕ್ಷಕರ ಸಂಖ್ಯೆ ಮೊದಲ ಸಲ ಒಂದು ಕೋಟಿಯನ್ನು ದಾಟಿದೆ. ಒಬ್ಬ ಶಿಕ್ಷಕರ ಪಾಲಿಗೆ ಎರಡನೇ ತರಗತಿಯವರೆಗಿನ ಬುನಾದಿ ಹಂತದಲ್ಲಿ 10 ಮಕ್ಕಳು, ಮೂರರಿಂದ ಐದನೇ ತರಗತಿಯಲ್ಲಿ 13 ಮಕ್ಕಳು, ಆರರಿಂದ ಎಂಟರವರೆಗೆ 17 ಮಕ್ಕಳು ಬರುತ್ತಾರೆಂದು ಅದು ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೇಳಿದ್ದು ಪ್ರತಿ ಶಾಲೆಯಲ್ಲಿಯೂ 30ಕ್ಕಿಂತ ಕಡಿಮೆ ಇರಲಿ, ಸಾಮಾಜಿಕವಾಗಿ ಮತ್ತು ಆರ್ಥಿಕವಾಗಿ ಹಿಂದುಳಿದ ಮಕ್ಕಳು ಹೆಚ್ಚಾಗಿರುವ ಕಡೆ 25ಕ್ಕಿಂತ ಕಡಿಮೆ ಇರಲಿ ಎಂದು. ಆ ಅಳತೆಯಲ್ಲಿ ನಾವು ಎಂದೋ ಗೆದ್ದಾಗಿದೆ.

ಆದರೆ ಅದೇ ವರದಿಯು ದೇಶದಲ್ಲಿ ಒಂದು ಲಕ್ಷ ನಾಲ್ಕು ಸಾವಿರಕ್ಕೂ ಹೆಚ್ಚು ಏಕೋಪಾಧ್ಯಾಯ ಶಾಲೆಗಳಿವೆಯೆಂದೂ, ಅವುಗಳಲ್ಲಿ 33 ಲಕ್ಷಕ್ಕೂ ಹೆಚ್ಚು ಮಕ್ಕಳು ಓದುತ್ತಿದ್ದಾರೆಂದೂ, ಅಂಥ ಶಾಲೆಗಳು ಕರ್ನಾಟಕದಲ್ಲಿಯೇ ಏಳು ಸಾವಿರಕ್ಕೂ ಹೆಚ್ಚಿವೆಯೆಂದೂ ತಿಳಿಸುತ್ತದೆ. ಭಾಗಿಸಿ ನೋಡಿದರೆ ಒಂದು ಶಾಲೆಗೆ ಮೂವತ್ತೆರಡು ಮಕ್ಕಳು, ಒಬ್ಬ ಶಿಕ್ಷಕರು. ಅನುಪಾತದ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ ಸರಿಯಾದ ಶಾಲೆಯೇ. ಒಳಗೆ ಹೋಗಿ ನೋಡಿದರೆ ಒಂದನೇ ತರಗತಿಯಿಂದ ಐದನೆಯದರವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತಿರುತ್ತಾರೆ. ಶಿಕ್ಷಕರು ಬಿಸಿಯೂಟದ ಲೆಕ್ಕ ಬರೆಯುತ್ತಲೋ, ಮೊಬೈಲಿನಲ್ಲಿ ಹಾಜರಿ ತುಂಬುತ್ತಲೋ, ನಾಲ್ಕನೇ ತರಗತಿಯವರಿಗೆ ಭಾಗಾಕಾರ ಹೇಳಿಕೊಡುತ್ತಲೋ ಇರುತ್ತಾರೆ. ಈ ಮೂರೂ ಒಟ್ಟಿಗೆ ನಡೆಯುವ ದಿನಗಳೇ ಹೆಚ್ಚು.

ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಹಳ್ಳಿ ಶಾಲೆಗಳಲ್ಲಿಯೇ ನೌಕರಿ ಮುಗಿಸಿ ನಿವೃತ್ತನಾದ ನನಗೆ, ಶಿಕ್ಷಕರ ಕೊರತೆಯ ಚರ್ಚೆಯೆಲ್ಲ ಈ ಒಂದು ಭಾಗಾಕಾರದ ಸುತ್ತ ಸುತ್ತುವುದನ್ನು ಕಂಡಾಗ ಒಂದು ಅಸಮಾಧಾನ ಉಳಿದೇ ಇರುತ್ತದೆ. ನಮ್ಮ ಭಾಗದ ಕಿರಿಯ ಪ್ರಾಥಮಿಕ ಶಾಲೆಗಳ ಮಟ್ಟಿಗೆ ಕೇಳಬೇಕಾದ ಪ್ರಶ್ನೆಯು ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು ಎಂಬುದಕ್ಕಿಂತ ಒಬ್ಬ ಶಿಕ್ಷಕರಿಗೆ ಎಷ್ಟು ತರಗತಿಗಳು ಎಂಬುದು, ಮತ್ತು ಆ ಶಿಕ್ಷಕರು ವರ್ಷದಲ್ಲಿ ಎಷ್ಟು ಹೊತ್ತು ನಿಜವಾಗಿ ತರಗತಿಯೊಳಗೆ ಇರುತ್ತಾರೆ ಎಂಬುದು ಎಂದು ನನ್ನ ಅಭಿಪ್ರಾಯ.

ಮೊದಲು ಸರಾಸರಿಯ ವಿಷಯ. ಒಂದು ತಾಂಡಾ ಶಾಲೆಯಲ್ಲಿ 20 ಮಕ್ಕಳಿಗೆ ಇಬ್ಬರು ಶಿಕ್ಷಕರು, ರಸ್ತೆ ಮೇಲಿನ ದೊಡ್ಡ ಊರಿನ ಶಾಲೆಯಲ್ಲಿ 180 ಮಕ್ಕಳಿಗೆ ಮೂವರು ಶಿಕ್ಷಕರು ಇದ್ದಾರೆಂದು ಇಟ್ಟುಕೊಳ್ಳೋಣ. ಎರಡನ್ನೂ ಕೂಡಿಸಿದರೆ 200 ಮಕ್ಕಳು, ಐದು ಶಿಕ್ಷಕರು, ಅನುಪಾತ 40. ಆದರೆ ಆ ಇನ್ನೂರರಲ್ಲಿ ನೂರೆಂಬತ್ತು ಮಕ್ಕಳು ಕುಳಿತಿರುವುದು ಒಬ್ಬರಿಗೆ 60 ಮಕ್ಕಳಿರುವ ಶಾಲೆಯಲ್ಲಿ. ಶಿಕ್ಷಕರ ಕಡೆಯಿಂದ ಎಣಿಸದೆ ಮಗುವಿನ ಕಡೆಯಿಂದ ಎಣಿಸಿದರೆ ಸರಾಸರಿ ಮಗುವಿನ ಅನುಭವ 55. ತಾಲ್ಲೂಕಿನ ಸರಾಸರಿ, ಜಿಲ್ಲೆಯ ಸರಾಸರಿ, ರಾಜ್ಯದ ಸರಾಸರಿ ಎಂದು ಮೇಲೆ ಹೋದಷ್ಟೂ ಈ ಅಂತರ ಕಾಣದಂತಾಗುತ್ತದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯನ್ನು ರಚಿಸಿದವರಿಗೆ ಇದು ತಿಳಿದಿತ್ತು. ಆದ್ದರಿಂದಲೇ ಅನುಪಾತವನ್ನು ಪ್ರತಿ ಶಾಲೆಯಲ್ಲಿಯೂ ಪಾಲಿಸಬೇಕೆಂದು ಕಾಯ್ದೆಯ 25ನೇ ಕಲಮು ಹೇಳುತ್ತದೆ. ಯಾವುದೇ ಶಾಲೆಯಲ್ಲಿ ಮಂಜೂರಾದ ಹುದ್ದೆಗಳ ಪೈಕಿ ಶೇ. 10ಕ್ಕಿಂತ ಹೆಚ್ಚು ಖಾಲಿ ಇರಬಾರದೆಂದು 26ನೇ ಕಲಮು ಹೇಳುತ್ತದೆ. ಮೂರೇ ಹುದ್ದೆಗಳಿರುವ ಶಾಲೆಯಲ್ಲಿ ಒಂದು ಖಾಲಿ ಬಿದ್ದರೂ ಶೇ. 33 ಆಗುತ್ತದೆ ಎಂಬುದನ್ನು ನೆನಪಿಟ್ಟರೆ, ಈ ಕಲಮಿನ ಮಾತನ್ನು ಅಕ್ಷರಶಃ ತೆಗೆದುಕೊಂಡಾಗ ನಮ್ಮ ಹಳ್ಳಿಗಳಲ್ಲಿ ಒಂದೂ ಹುದ್ದೆ ಖಾಲಿ ಇರಕೂಡದು.

ಅದೇ ಕಾಯ್ದೆಯ ಅನುಸೂಚಿಯು ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು, 121ರಿಂದ 200ರವರೆಗೆ ಐವರು ಎಂದು ನಿಗದಿ ಮಾಡಿದೆ. ಮಕ್ಕಳು 150 ದಾಟಿದ ಮೇಲೆ ಪ್ರತ್ಯೇಕ ಮುಖ್ಯಗುರು ಬೇಕು. ಅದಕ್ಕಿಂತ ಕೆಳಗೆ ಸಹಶಿಕ್ಷಕರಲ್ಲಿ ಹಿರಿಯರಾದವರೇ ಪ್ರಭಾರಿ ಮುಖ್ಯಗುರು, ಪಾಠವೂ ಅವರದೇ, ಕಾಗದಪತ್ರವೂ ಅವರದೇ. ಈ ಮೆಟ್ಟಿಲುಗಳಲ್ಲಿ ನನ್ನ ಗಮನವೆಲ್ಲ ಮೊದಲನೆಯದರ ಮೇಲೆ. ಏಕೆಂದರೆ ಐದು ತರಗತಿಗಳಿಗೆ ಇಬ್ಬರೇ ಸಾಕು ಎಂದು ಕಾನೂನೇ ಒಪ್ಪಿಕೊಂಡಿರುವುದು ಅಲ್ಲಿ.

ಇದನ್ನು ನಿಮಿಷಗಳಿಗೆ ಇಳಿಸಿ ನೋಡಬೇಕು. ಕಾಯ್ದೆಯು ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಶಾಲಾದಿನಗಳನ್ನೂ 800 ಬೋಧನಾ ಗಂಟೆಗಳನ್ನೂ ವಿಧಿಸುತ್ತದೆ. ದಿನಕ್ಕೆ ನಾಲ್ಕು ಗಂಟೆ, ಅಂದರೆ 240 ನಿಮಿಷ. ಒಬ್ಬರೇ ಶಿಕ್ಷಕರಿದ್ದರೆ ಒಂದು ತರಗತಿಗೆ ಸಿಗುವುದು ದಿನಕ್ಕೆ 48 ನಿಮಿಷ. ಅದರೊಳಗೆ ಕನ್ನಡ, ಗಣಿತ, ಇಂಗ್ಲಿಷ್, ಪರಿಸರ ಅಧ್ಯಯನ ಎಲ್ಲವೂ ಮುಗಿಯಬೇಕು. ಇಬ್ಬರಿದ್ದರೆ 96 ನಿಮಿಷ. ಅಂದರೆ ಕಾಯ್ದೆಯನ್ನು ಚಾಚೂ ತಪ್ಪದೆ ಪಾಲಿಸಿದ ಶಾಲೆಯಲ್ಲಿಯೂ ಮಗು ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತನ್ನು ಶಿಕ್ಷಕರ ನೇರ ಬೋಧನೆಯಿಲ್ಲದೆ ಕಳೆಯುತ್ತದೆ. ಮಕ್ಕಳು ಮೂವತ್ತಿದ್ದರೂ ಅಷ್ಟೇ, ಅರವತ್ತಿದ್ದರೂ ಅಷ್ಟೇ. ಮಕ್ಕಳ ಸಂಖ್ಯೆ ಕಡಿಮೆಯಾದರೆ ತರಗತಿಗಳ ಸಂಖ್ಯೆ ಕಡಿಮೆಯಾಗುವುದಿಲ್ಲ.

ಈ ಇಕ್ಕಟ್ಟಿಗೆ ಕರ್ನಾಟಕ ಕಂಡುಕೊಂಡ ಉತ್ತರ ನಲಿಕಲಿ. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಪದ್ಧತಿಯನ್ನು ನೋಡಿಬಂದ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಆರಂಭಿಸಿದ ಈ ಪ್ರಯೋಗವು 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದಿತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂಡುತ್ತಾರೆ. ಪ್ರತಿ ಮಗುವಿಗೂ ಕಲಿಕಾ ಏಣಿಯ ಮೇಲೆ ತನ್ನದೇ ಮೆಟ್ಟಿಲಿದೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರು ಒಂದು ಗುಂಪು, ಭಾಗಶಃ ಸಹಾಯ ಬೇಕಾದವರು ಇನ್ನೊಂದು, ಸಹಪಾಠಿಗಳ ಸಹಾಯದಿಂದ ಕಲಿಯುವವರು, ತಾವಾಗಿಯೇ ಕಲಿಯುವವರು ಎಂದು ಗುಂಪುಗಳಾಗುತ್ತವೆ. ಕಾರ್ಡನ್ನು ತಟ್ಟೆಯಿಂದ ತೆಗೆದುಕೊಂಡು, ಕೆಲಸ ಮುಗಿಸಿ, ಪ್ರಗತಿ ನೋಟದಲ್ಲಿ ಗುರುತು ಹಾಕಿಸಿಕೊಂಡು ಮಗು ಮುಂದಿನ ಮೆಟ್ಟಿಲಿಗೆ ಹೋಗುತ್ತದೆ. ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದ ಮಗು ಬಿಟ್ಟಲ್ಲಿಂದಲೇ ಶುರುಮಾಡಬಹುದು ಎಂಬುದು, ದುಡಿಮೆಗಾಗಿ ಗುಳೆ ಹೋಗುವ ನಮ್ಮ ಕಡೆಯ ಕುಟುಂಬಗಳ ಮಕ್ಕಳಿಗೆ ಬಹಳ ದೊಡ್ಡ ಅನುಕೂಲ. ನಲಿಕಲಿಯನ್ನು ಹಗುರವಾಗಿ ಆಡಿಕೊಳ್ಳುವವರನ್ನು ನಾನು ಒಪ್ಪುವುದಿಲ್ಲ. ಅದು ಬಹುತರಗತಿ ಬೋಧನೆಯನ್ನು ಕೊರತೆಯೆಂದು ಮುಚ್ಚಿಡದೆ, ಅದಕ್ಕೆಂದೇ ಪಾಠವನ್ನು ಹೊಸದಾಗಿ ಕಟ್ಟಿದ ಪದ್ಧತಿ.

ಆದರೆ ಅದು ನಡೆಯುವುದಕ್ಕೆ ಒಂದು ಷರತ್ತಿದೆ. ನಲಿಕಲಿ ಕೋಣೆಯಲ್ಲಿ ಶಿಕ್ಷಕರು ಇಡೀ ದಿನ ಇರಲೇಬೇಕು. ಏಣಿಯ ಮೇಲೆ ಯಾವ ಮಗು ಎಲ್ಲಿದೆ ಎಂಬುದು ಅವರೊಬ್ಬರಿಗೇ ತಿಳಿದಿರುತ್ತದೆ, ಪೂರ್ಣ ಸಹಾಯದ ಗುಂಪು ಅವರ ಮುಂದೆಯೇ ಕುಳಿತಿರುತ್ತದೆ. ಇಬ್ಬರು ಶಿಕ್ಷಕರ ಶಾಲೆಯಲ್ಲಿ ಒಬ್ಬರು ನಲಿಕಲಿಯನ್ನೂ ಇನ್ನೊಬ್ಬರು ನಾಲ್ಕು-ಐದನೇ ತರಗತಿಯನ್ನೂ ಹಂಚಿಕೊಂಡರೆ ವ್ಯವಸ್ಥೆ ಹೇಗೋ ಸಾಗುತ್ತದೆ. ಒಬ್ಬರು ಶಾಲೆಯಿಂದ ಹೊರಗೆ ಕಾಲಿಟ್ಟ ದಿನ ಎರಡೂ ಕೋಣೆಗಳು ಒಟ್ಟಿಗೆ ನಿಲ್ಲುತ್ತವೆ. ಆರೇಳು ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರ ರಜೆಯನ್ನು ಉಳಿದವರು ಹಂಚಿಕೊಳ್ಳಬಹುದು. ಚಿಕ್ಕ ಶಾಲೆಗೆ ಆ ತಾಳಿಕೆ ಇಲ್ಲ, ಅನುಪಾತದ ಲೆಕ್ಕವು ಇದನ್ನು ತೋರಿಸುವುದೂ ಇಲ್ಲ.

ಹೊರಗೆ ಕಾಲಿಡುವ ಪ್ರಸಂಗಗಳು ಕಡಿಮೆಯೇನಲ್ಲ. ತರಬೇತಿ, ಸುತ್ತಲಿನ ಶಾಲೆಗಳ ಗುಂಪಾದ ಕ್ಲಸ್ಟರಿನ ಸಭೆ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಮಾಹಿತಿ ಒಯ್ಯುವುದು, ಮತಗಟ್ಟೆ ಅಧಿಕಾರಿಯಾಗಿ ಮತದಾರರ ಪಟ್ಟಿ ತಿದ್ದುವುದು, ವಿದ್ಯಾರ್ಥಿವೇತನಕ್ಕಾಗಿ ಮಕ್ಕಳ ಆಧಾರ್ ಮತ್ತು ಬ್ಯಾಂಕ್ ಖಾತೆ ಹೊಂದಿಸುವುದು, ಹಾಲು-ಮೊಟ್ಟೆಯ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟರೆ ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆನ್ನುತ್ತದೆ. ಮತದಾರರ ಪಟ್ಟಿಯ ಕೆಲಸವನ್ನು ರಜಾದಿನಗಳಲ್ಲಿ ಮತ್ತು ಬೋಧನೆಯಿಲ್ಲದ ಹೊತ್ತಿನಲ್ಲಿ ಮಾಡಿಸಬೇಕೆಂದು ಸುಪ್ರೀಂ ಕೋರ್ಟ್ 2007ರಲ್ಲಿಯೇ ಹೇಳಿತ್ತು. 2025ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಗಣತಿದಾರರನ್ನಾಗಿ ಕಳಿಸಿ, ಅದು ಮುಗಿಯಲೆಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಆ ಸಮೀಕ್ಷೆ ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ಹಿಂದುಳಿದಿರುವಿಕೆಯನ್ನು ಅಳೆಯದೆ ನಿವಾರಿಸಲಾಗದು. ಅದನ್ನು ಅಳೆಯಲು ಅತ್ಯಂತ ಹಿಂದುಳಿದ ಮಕ್ಕಳ ಪಾಠದ ದಿನಗಳನ್ನೇ ಬಳಸಿಕೊಂಡದ್ದು ಸರಿಯಲ್ಲ ಎಂಬುದಷ್ಟೇ ನನ್ನ ತಕರಾರು. ಬೆಳಗ್ಗೆ ಹತ್ತೂವರೆಗೆ ಹೊಲದ ದಾರಿಯಲ್ಲಿ ಸಿಕ್ಕ ಹುಡುಗನನ್ನು ಯಾಕಪ್ಪಾ ಎಂದು ಕೇಳಿದರೆ, "ಇವತ್ತ ಸಾಲಿ ಇಲ್ರೀ ಸರ್, ನಮ್ಮ ಸರ್ ಮೀಟಿಂಗಿಗಿ ಹೋಗ್ಯಾರ" ಎಂಬ ಉತ್ತರ ನಮ್ಮ ಕಡೆ ಯಾರಿಗೂ ಹೊಸದಲ್ಲ. ದಾಖಲೆಯಲ್ಲಿ ಅಂದೂ ಶಾಲೆ ನಡೆದಿರುತ್ತದೆ, ಅನುಪಾತವೂ ಹಾಗೆಯೇ ಇರುತ್ತದೆ.

ಅನುಪಾತ ಸುಧಾರಿಸಿತು ಎಂಬ ಸುದ್ದಿಯನ್ನು ಇನ್ನೊಂದು ಕಾರಣಕ್ಕೂ ಸಂಶಯದಿಂದ ನೋಡಬೇಕು. ಶಿಕ್ಷಕರು ಬಂದರೂ ಅನುಪಾತ ಇಳಿಯುತ್ತದೆ, ಮಕ್ಕಳು ಬಿಟ್ಟುಹೋದರೂ ಇಳಿಯುತ್ತದೆ. ಸೇಡಂ, ಚಿತ್ತಾಪುರ, ಶಹಾಪುರಗಳಂಥ ಪಟ್ಟಣಗಳಿಂದ ಹಳದಿ ವ್ಯಾನುಗಳು ಹಳ್ಳಿಗಳಿಗೆ ಬಂದು ಮಕ್ಕಳನ್ನು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗಳಿಗೆ ಕರೆದೊಯ್ಯತೊಡಗಿದ ಮೇಲೆ, ಎಂಬತ್ತು ಮಕ್ಕಳಿದ್ದ ಸರ್ಕಾರಿ ಶಾಲೆ ನಲವತ್ತಕ್ಕೆ ಇಳಿದು ಕಾಗದದ ಮೇಲೆ ಆದರ್ಶ ಅನುಪಾತದ ಶಾಲೆಯಾಗುತ್ತದೆ. ಮರುವರ್ಷ ಅದೇ ಕಾಗದವನ್ನು ಹಿಡಿದು ಹೆಚ್ಚುವರಿ ಶಿಕ್ಷಕರ ಪಟ್ಟಿ ತಯಾರಾಗುತ್ತದೆ, ಮೂರನೆಯ ಶಿಕ್ಷಕರು ಬೇರೆಡೆಗೆ ಹೋಗುತ್ತಾರೆ, ಮೂರು ತರಗತಿಗಳನ್ನು ಒಂದೇ ಕೋಣೆಗೆ ತುಂಬಿದ್ದನ್ನು ಕಂಡ ಪಾಲಕರು ಇನ್ನಷ್ಟು ಮಕ್ಕಳನ್ನು ವ್ಯಾನು ಹತ್ತಿಸುತ್ತಾರೆ. 61 ಎಂಬ ಸಂಖ್ಯೆಯು ಶಾಲೆಗಳಲ್ಲಿ ಎಂಥ ತಳಮಳ ಹುಟ್ಟಿಸುತ್ತದೆಂಬುದು ನೌಕರಿ ಮಾಡಿದವರಿಗೆ ಗೊತ್ತು. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಹೊಲಕ್ಕೆ ಹೋದ ಮಗುವಿನ ಹೆಸರು, ತಂದೆ-ತಾಯಿಯ ಬೆನ್ನಿಗೆ ಬೆಂಗಳೂರಿಗೋ ಹೈದರಾಬಾದಿಗೋ ಹೋದ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯುವುದಕ್ಕೆ ಮಗುವಿನ ಹಿತ ಒಂದು ಕಾರಣವಾದರೆ, ಶಿಕ್ಷಕರ ಹುದ್ದೆ ಉಳಿಯಲಿ ಎಂಬುದು ಇನ್ನೊಂದು.

ಭಾಷೆಯ ವಿಷಯವನ್ನು ಇಲ್ಲಿ ಹೇಳದಿದ್ದರೆ ಲೆಕ್ಕ ಅರ್ಧವಾಗುತ್ತದೆ. ಬೀದರ್ ಜಿಲ್ಲೆಯ ಭಾಲ್ಕಿ, ಔರಾದ ಕಡೆ ಮರಾಠಿ ಮಾಧ್ಯಮದ ಶಾಲೆಗಳಿವೆ, ಕಲಬುರಗಿ ಮತ್ತು ಬೀದರ್ ಪಟ್ಟಣಗಳಲ್ಲಿ ಉರ್ದು ಶಾಲೆಗಳಿವೆ, ಗುರುಮಠಕಲ್ ಗಡಿಯಲ್ಲಿ ಮನೆಮಾತು ತೆಲುಗು, ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ. ಒಂದು ಮಾಧ್ಯಮದ ಶಿಕ್ಷಕರನ್ನು ಇನ್ನೊಂದು ಮಾಧ್ಯಮದ ಕೊರತೆ ತುಂಬಲು ಕಳಿಸಲಾಗದು. ಲಂಬಾಣಿ ಮಾತ್ರ ಬಲ್ಲ ಆರು ವರ್ಷದ ಮಗುವಿಗೆ ಕನ್ನಡದ ಓದು ಕಲಿಸುವ ಶಿಕ್ಷಕರಿಗೆ ಇಪ್ಪತ್ತು ಮಕ್ಕಳೂ ಹೆಚ್ಚೇ.

ಹಾಗಾದರೆ ಹುದ್ದೆಗಳನ್ನು ತುಂಬುವುದಕ್ಕೆ ಏನು ಅಡ್ಡಿ? ಸಂವಿಧಾನದ 371(ಜೆ) ವಿಧಿಯು 2013ರಲ್ಲಿ ಜಾರಿಯಾದ ಮೇಲೆ ಈ ಭಾಗದ ನೌಕರಿಗಳಲ್ಲಿ ಸ್ಥಳೀಯರಿಗೆ ದೊಡ್ಡ ಪಾಲು ಮೀಸಲಾಯಿತು. ಪ್ರಾಥಮಿಕ ಶಿಕ್ಷಕರೂ ಸೇರುವ ಗ್ರೂಪ್ ಸಿ ಹುದ್ದೆಗಳಲ್ಲಿ ಅದು ಶೇ. 80. ದೂರದ ಜಿಲ್ಲೆಗಳಿಂದ ಬಂದು, ಬಂದ ದಿನದಿಂದಲೇ ವರ್ಗಾವಣೆಯ ಅರ್ಜಿ ಬರೆಯುತ್ತಿದ್ದವರ ಜಾಗದಲ್ಲಿ ಇಲ್ಲಿಯವರೇ ಇಲ್ಲಿಯೇ ಉಳಿಯುವಂತಾದದ್ದು ದೊಡ್ಡ ಲಾಭ, ಅದನ್ನು ಮರೆಯಬಾರದು. ಆದರೆ ಹುದ್ದೆ ಮೀಸಲಾದ ಮಾತ್ರಕ್ಕೆ ಅರ್ಹರು ಸಿದ್ಧರಿರುವುದಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ಯಾದಗಿರಿಯದು ಶೇ. 51.83. ಇಂದು ಶಿಕ್ಷಕರ ಪರೀಕ್ಷೆಗೆ ಕೂಡುವವರು ಅಂದು ಅದೇ ಶಿಕ್ಷಕರಿಲ್ಲದ ಶಾಲೆಗಳಲ್ಲಿ ಓದಿದ ಮಕ್ಕಳು. 2022ರಲ್ಲಿ ಆರರಿಂದ ಎಂಟನೇ ತರಗತಿಗೆಂದು ಕರೆದ 15,000 ಪದವೀಧರ ಶಿಕ್ಷಕರ ಹುದ್ದೆಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕಿದ್ದವು. ರಾಜ್ಯದಾದ್ಯಂತ ಅರ್ಹರು ಸಾಲದೆ ಎಲ್ಲ ಹುದ್ದೆಗಳೂ ತುಂಬಲಿಲ್ಲ, ನೇಮಕವೂ ನ್ಯಾಯಾಲಯದ ಮೆಟ್ಟಿಲು ಹತ್ತಿ ತಡವಾಯಿತು. ಉಳಿದ ತೂತುಗಳನ್ನು ಮುಚ್ಚುವವರು ಅತಿಥಿ ಶಿಕ್ಷಕರು. ತಿಂಗಳಿಗೆ ಹತ್ತು-ಹನ್ನೆರಡು ಸಾವಿರ ರೂಪಾಯಿಯ ಗೌರವಧನಕ್ಕೆ, ಅದೂ ಹಲವು ತಿಂಗಳು ಬಾಕಿ ಉಳಿಸಿಕೊಂಡು, ಶಾಲೆ ತೆರೆದು ವಾರಗಳಾದ ಮೇಲೆ ಬಂದು ಮಾರ್ಚಿಗೆ ಮನೆಗೆ ಹೋಗುವ ಈ ತರುಣ-ತರುಣಿಯರು ಇಲ್ಲದಿದ್ದರೆ ಎಷ್ಟೋ ಶಾಲೆಗಳ ಬಾಗಿಲು ತೆರೆಯುತ್ತಿರಲಿಲ್ಲ.

ಶಿಕ್ಷಕರು ಹೆಚ್ಚಾದರೆ ಕಲಿಕೆ ಹೆಚ್ಚಾಗುತ್ತದೆಯೇ ಎಂದು ಕೇಳುವವರಿದ್ದಾರೆ, ಆ ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದ ಟೆನೆಸಿ ರಾಜ್ಯದಲ್ಲಿ 1985ರಿಂದ ನಾಲ್ಕು ವರ್ಷ ನಡೆದ ಸ್ಟಾರ್ ಎಂಬ ಪ್ರಯೋಗದಲ್ಲಿ ಮಕ್ಕಳನ್ನೂ ಶಿಕ್ಷಕರನ್ನೂ ಚೀಟಿ ಎತ್ತಿದಂತೆ 13ರಿಂದ 17 ಮಕ್ಕಳ ಚಿಕ್ಕ ತರಗತಿಗಳಿಗೂ 22ರಿಂದ 25 ಮಕ್ಕಳ ಸಾಮಾನ್ಯ ತರಗತಿಗಳಿಗೂ ಹಂಚಲಾಯಿತು; ಚಿಕ್ಕ ತರಗತಿಯ ಮಕ್ಕಳು ಮುಂದಿದ್ದರು, ಬಡ ಮತ್ತು ಕಪ್ಪು ಜನಾಂಗದ ಮಕ್ಕಳಿಗೆ ಲಾಭ ಇನ್ನೂ ಹೆಚ್ಚಿತ್ತು. ಆದರೆ ಪಶ್ಚಿಮ ಕೀನ್ಯಾದಲ್ಲಿ ಎಂಬತ್ತಕ್ಕೂ ಹೆಚ್ಚು ಮಕ್ಕಳಿದ್ದ ಒಂದನೇ ತರಗತಿಗಳಿಗೆ ಇನ್ನೊಬ್ಬ ಗುತ್ತಿಗೆ ಶಿಕ್ಷಕರನ್ನು ಕೊಟ್ಟು ಮಕ್ಕಳನ್ನು ಇಬ್ಭಾಗ ಮಾಡಿದಾಗ, ಮೊದಲಿದ್ದ ಕಾಯಂ ಶಿಕ್ಷಕರ ಬಳಿ ಉಳಿದ ಮಕ್ಕಳ ಕಲಿಕೆಯಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಕೆಲಸ ಹಗುರವಾದದ್ದೇ ಆ ಕಾಯಂ ಶಿಕ್ಷಕರು ತರಗತಿಯಲ್ಲಿ ಇರುವುದೂ ಕಡಿಮೆಯಾಯಿತು.

ನಮ್ಮ ದೇಶದ ಪ್ರಯೋಗವೇ ನನಗೆ ಹೆಚ್ಚು ಪಾಠ ಹೇಳುತ್ತದೆ. 2001ರಿಂದ 2003ರವರೆಗೆ ಮುಂಬಯಿ ಮತ್ತು ವಡೋದರಾದ ಸರ್ಕಾರಿ ಶಾಲೆಗಳಲ್ಲಿ ಪ್ರಥಮ್ ಸಂಸ್ಥೆಯು ಅದೇ ಊರಿನ ಓದಿದ ಹೆಣ್ಣುಮಕ್ಕಳನ್ನು ಬಾಲಸಖಿಯರೆಂದು ನೇಮಿಸಿ, ಮೂರು-ನಾಲ್ಕನೇ ತರಗತಿಗೆ ಬಂದರೂ ಓದು-ಲೆಕ್ಕ ಬಾರದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂಡಿಸಿ, ಅವರಿದ್ದ ಮಟ್ಟದಿಂದಲೇ ಕಲಿಸಿತು. ಆ ಮಕ್ಕಳು ಗಣನೀಯವಾಗಿ ಮುಂದೆ ಬಂದರು. ಅದೇ ಹೊತ್ತಿನಲ್ಲಿ, ಇವರು ಎದ್ದುಹೋದದ್ದರಿಂದ ಸಂಖ್ಯೆ ಕಡಿಮೆಯಾದ ಮೂಲ ತರಗತಿಯಲ್ಲಿ ಉಳಿದ ಮಕ್ಕಳಿಗೆ ಮಾತ್ರ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಮಕ್ಕಳು ಕಡಿಮೆಯಾದರೂ ಪಾಠ ಹೇಳುವ ರೀತಿ ಅದೇ ಆಗಿದ್ದರೆ ಫಲ ಅಷ್ಟಕ್ಕಷ್ಟೇ. ಇದರಿಂದ ಶಿಕ್ಷಕರು ಬೇಡವೆಂಬ ತೀರ್ಮಾನಕ್ಕೆ ಬರುವ ಅರ್ಥಶಾಸ್ತ್ರಿಗಳು ಬಾಲಸಖಿಯೂ ಒಬ್ಬ ಹೆಚ್ಚುವರಿ ವ್ಯಕ್ತಿಯೇ ಆಗಿದ್ದಳೆಂಬುದನ್ನು ಮರೆಯುತ್ತಾರೆ. ಮಟ್ಟಕ್ಕೆ ತಕ್ಕಂತೆ ಕಲಿಸುವುದಕ್ಕೂ ಕೋಣೆಯಲ್ಲಿ ಇನ್ನೊಬ್ಬರು ಬೇಕು. ನಲಿಕಲಿಯ ಏಣಿ ಮಾಡಹೊರಟಿದ್ದೂ ಇದನ್ನೇ. ಅದಕ್ಕೆ ಬೇಕಾದ ಮನುಷ್ಯರನ್ನು ನಾವು ಕೊಟ್ಟಿಲ್ಲ.

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಕಲಬುರಗಿ ಶೇ. 42.43 ಫಲಿತಾಂಶದೊಂದಿಗೆ ರಾಜ್ಯದ ಕೊನೆಯ ಸ್ಥಾನಕ್ಕೆ ಬಂದಾಗ, ಹಿಂದಿನ ವರ್ಷ ಯಾದಗಿರಿ ಶೇ. 50.59ರೊಂದಿಗೆ ಅದೇ ಜಾಗದಲ್ಲಿದ್ದಾಗ, ಪ್ರೌಢಶಾಲೆಗಳಿಗೆ ನೋಟಿಸು ಹೋದವು, ವಿಶೇಷ ತರಗತಿಗಳು, ರಾತ್ರಿ ಅಭ್ಯಾಸ, ಪಾಸಿಂಗ್ ಪ್ಯಾಕೇಜ್ ಎಂದು ಓಡಾಟ ನಡೆಯಿತು. ಹತ್ತನೇ ತರಗತಿಯಲ್ಲಿ ನಪಾಸಾದ ಆ ಮಕ್ಕಳಲ್ಲಿ ಬಹಳಷ್ಟು ಜನ ಮೂರನೇ ತರಗತಿಯಲ್ಲಿಯೇ ಹಿಂದೆ ಬಿದ್ದವರು. ಆಗ ಅವರಿಗೆ ನೋಟಿಸು ಕೊಡುವವರು ಇರಲಿಲ್ಲ, ಏಕೆಂದರೆ ಅಲ್ಲಿ ಫಲಿತಾಂಶ ಪ್ರಕಟವಾಗುವುದಿಲ್ಲ.

ಚಿಕ್ಕ ಶಾಲೆಗಳನ್ನು ಕೂಡಿಸಿ ದೊಡ್ಡದು ಮಾಡಿದರೆ ತರಗತಿಗೊಬ್ಬ ಶಿಕ್ಷಕರು ತಾವಾಗಿಯೇ ಸಿಗುತ್ತಾರೆಂಬ ವಾದವಿದೆ. ಲೆಕ್ಕದಲ್ಲಿ ಅದು ತಪ್ಪಲ್ಲ. ಪಕ್ಕಪಕ್ಕದ ಎರಡು ಶಾಲೆಗಳನ್ನು ಕೂಡಿಸುವುದಕ್ಕೆ ನನ್ನ ವಿರೋಧವೂ ಇಲ್ಲ. ಆದರೆ ಕಿರಿಯ ಪ್ರಾಥಮಿಕ ಶಾಲೆ ಮನೆಯಿಂದ ಒಂದು ಕಿಲೋಮೀಟರಿನೊಳಗೆ ಇರಬೇಕೆಂಬ ನಿಯಮ ಸುಮ್ಮನೆ ಬಂದದ್ದಲ್ಲ. ಬಸ್ಸಿಲ್ಲದ ತಾಂಡಾದಿಂದ ಹಳ್ಳ ದಾಟಿ ಮೂರು ಕಿಲೋಮೀಟರು ನಡೆಯಬೇಕೆಂದರೆ ಮೊದಲು ಶಾಲೆ ಬಿಡುವವಳು ಆರು ವರ್ಷದ ಹುಡುಗಿ.

ನನಗೆ ತೋಚುವ ದಾರಿ ಹೆಚ್ಚು ಖರ್ಚಿನದಲ್ಲ. 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆ ಪ್ರತಿ ಶಾಲೆಗೂ ಕನಿಷ್ಠ ಇಬ್ಬರು ಶಿಕ್ಷಕರು ಎಂದಿತ್ತು; ಅದನ್ನಾದರೂ ಕಲಬುರಗಿ, ಯಾದಗಿರಿ, ಬೀದರ್ ಈ ಮೂರು ಜಿಲ್ಲೆಗಳಲ್ಲಿ ಮೊದಲು ಪೂರೈಸಬೇಕು. ಮೂರನೆಯ ಶಿಕ್ಷಕರಿಗಾಗಿ 61ನೇ ಮಗುವನ್ನು ಕಾಯದೆ, 40 ಮಕ್ಕಳಾದೊಡನೆ ಕೊಡಬೇಕು, ಮತ್ತು ಹೆಚ್ಚುವರಿಯೆಂದು ಗುರುತಿಸುವಾಗ ತರಗತಿಗಳ ಸಂಖ್ಯೆಯನ್ನೂ ಎಣಿಸಬೇಕು. ಪ್ರತಿ ಕ್ಲಸ್ಟರಿಗೆ ಒಬ್ಬಿಬ್ಬರು ಮೀಸಲು ಶಿಕ್ಷಕರಿದ್ದು, ಯಾವ ಶಾಲೆಯಲ್ಲಿ ಯಾರು ರಜೆಯಲ್ಲೋ ತರಬೇತಿಯಲ್ಲೋ ಇದ್ದಾರೋ ಅಲ್ಲಿಗೆ ಆ ದಿನ ಹೋಗುವಂತಾದರೆ ಏಕೋಪಾಧ್ಯಾಯ ಶಾಲೆಯ ಬಾಗಿಲು ಮುಚ್ಚುವ ಪ್ರಸಂಗ ತಪ್ಪುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ರಾಜ್ಯ ಬಜೆಟ್ಟಿನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗಿತ್ತು; ಇಂಥ ಹಣ ಕೋಣೆ, ಕಾಂಪೌಂಡು, ಸ್ಮಾರ್ಟ್ ಟಿವಿಗಳಿಗೆ ಸುಲಭವಾಗಿ ಹರಿಯುತ್ತದೆ, ಸಂಬಳದ ಬಾಬತ್ತಿಗೆ ಬಂದಾಗ ಮಾತ್ರ ಕೈ ಬಿಗಿಯಾಗುತ್ತದೆ.

ಇದೆಲ್ಲಕ್ಕೂ ಕಾನೂನು ತಿದ್ದುಪಡಿ ಕಾಯಬೇಕಾದೀತು. ಆದರೆ ಅತಿಥಿ ಶಿಕ್ಷಕರ ಆದೇಶವನ್ನು ಜೂನ್ ಕಳೆದ ಮೇಲೆ ಹೊರಡಿಸದೆ ಮೇ ತಿಂಗಳಲ್ಲಿಯೇ ಹೊರಡಿಸುವುದಕ್ಕೆ ಯಾವ ತಿದ್ದುಪಡಿಯೂ ಬೇಕಿಲ್ಲ. ಯಾವ ಶಾಲೆಯಲ್ಲಿ ಯಾರು ನಿವೃತ್ತರಾಗುತ್ತಾರೆ, ಯಾವ ಹುದ್ದೆ ಎಷ್ಟು ವರ್ಷದಿಂದ ಖಾಲಿ ಇದೆ ಎಂಬುದು ಪ್ರತಿ ಬಿಇಒ ಕಚೇರಿಯ ಕಂಪ್ಯೂಟರಿನಲ್ಲಿ ಜನವರಿಯಲ್ಲಿಯೇ ಇರುತ್ತದೆ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಸದಸ್ಯರು ಈ ಬೇಸಿಗೆಯಲ್ಲಿ ಆ ಒಂದು ಆದೇಶವನ್ನು ಕೇಳಲು ಶುರುಮಾಡಬಹುದು.